ಹೆಸರು ಒಂದು, ಓದುವವರು ಹಲವರು

ಗಣಕಯಂತ್ರದಲ್ಲಿ ನಾವು ನಡೆಸುವ ಪ್ರೋಗ್ರಾಮುಗಳಲ್ಲಿ ತಮಗೆ ಬೇಕಾದ ಸಾಮಗ್ರಿಯನ್ನೆಲ್ಲ ತಾವೇ ಹೊತ್ತುಕೊಂಡು ಬರುವಂಥವು ವಿರಳ. ಅಕ್ಷರಗಳನ್ನು ಪರದೆಯ ಮೇಲೆ ಮೂಡಿಸುವುದು, ಚಿತ್ರಗಳ ಗಾತ್ರವನ್ನು ಕುಗ್ಗಿಸುವುದು, ಜಾಲದ ಮೂಲಕ ಮತ್ತೊಂದು ಯಂತ್ರದೊಡನೆ ಸಂಭಾಷಿಸುವುದು, ಇಂಥ ಕೌಶಲಗಳು ಹತ್ತಾರು ಪ್ರೋಗ್ರಾಮುಗಳಿಗೆ ಸಮಾನವಾಗಿ ಬೇಕಾದುವಾದ್ದರಿಂದ, ಅವನ್ನು ಪ್ರತ್ಯೇಕ ಕಡತಗಳಲ್ಲಿ ಒಮ್ಮೆ ಬರೆದಿರಿಸಿ, ಬೇಕಾದವರು ಬೇಕಾದಾಗ ಅಲ್ಲಿಂದ ಪಡೆದುಕೊಳ್ಳುವ ಏರ್ಪಾಡು ಬಹು ಹಿಂದೆಯೇ ರೂಢಿಗೆ ಬಂದಿತು. ಮದುವೆ ಮುಂಜಿಗಳಿಗೆ ಬೇಕಾಗುವ ಹಂಡೆ ಕೊಪ್ಪರಿಗೆಗಳನ್ನು ಪ್ರತಿಯೊಂದು ಮನೆಯವರೂ ಕೊಂಡಿಡದೆ ದೇವಸ್ಥಾನದ ಉಗ್ರಾಣದಿಂದ ತಂದು ಬಳಸುವ ಪದ್ಧತಿ ನಮ್ಮ ಊರುಗಳಲ್ಲಿ ಇದ್ದಿತಷ್ಟೆ. ಇದೂ ಆ ಜಾತಿಯದೇ. ಇಂಥ ಕಡತಕ್ಕೆ ಷೇರ್ಡ್ ಲೈಬ್ರರಿ ಎಂದು ಹೆಸರು. ಲಿನಕ್ಸಿನಲ್ಲಿ ಅದರ ಹೆಸರು ‘.ಎಸ್‌ಒ’ ಎಂದೂ, ವಿಂಡೋಸಿನಲ್ಲಿ ‘.ಡಿಎಲ್‌ಎಲ್’ ಎಂದೂ, ಮ್ಯಾಕಿನಲ್ಲಿ ‘.ಡೈಲಿಬ್’ ಎಂದೂ ಮುಗಿಯುತ್ತದೆ. ಪ್ರೋಗ್ರಾಮು ನಡೆಯುತ್ತಿರುವಾಗಲೇ ಇಂಥ ಭಾಗಗಳನ್ನು ಕರೆತಂದು ಜೋಡಿಸುವ ವಿಚಾರ 1960ರ ದಶಕದ ಮಲ್ಟಿಕ್ಸ್ ವ್ಯವಸ್ಥೆಯಲ್ಲಿಯೇ ಕಾರ್ಯರೂಪಕ್ಕೆ ಬಂದಿದ್ದಿತು. ಕರೆತರುವ ಘಟಕವನ್ನು ಲೋಡರ್ ಎನ್ನುತ್ತಾರೆ.

ಲೋಡರಿಗೆ ಲೈಬ್ರರಿ ಎಲ್ಲಿದೆಯೆಂಬುದನ್ನು ತಿಳಿಸತಕ್ಕ ಮುಖ್ಯ ಸಾಧನ ಪಥನಾಮ. ಯಾವ ಡಿಸ್ಕಿನ ಯಾವ ಫೋಲ್ಡರಿನ ಒಳಗೆ ಯಾವ ಹೆಸರಿನಿಂದ ಆ ಕಡತ ಇದೆಯೆಂದು ಹೇಳುವ ಅಕ್ಷರಗಳ ಸಾಲು ಅದು. ನೋಡುವುದಕ್ಕೆ ಇದಕ್ಕಿಂತ ಸರಳವಾದ ವಸ್ತು ಇನ್ನೊಂದು ಇರಲಾರದು. ಹೀಗಿದ್ದರೂ, ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ಒಬ್ಬರು ತಮ್ಮ ಹೊಸ ವಿಂಡೋಸ್ ಯಂತ್ರದಲ್ಲಿ ಸ್ಥಳೀಯ ಖಾತೆಯನ್ನು ತೆರೆಯುವಾಗ ಹೆಸರನ್ನು ಕನ್ನಡ ಲಿಪಿಯಲ್ಲಿಯೇ ಬರೆದರೆಂದು ಭಾವಿಸೋಣ. ಆ ಹೆಸರಿನದೇ ಒಂದು ಫೋಲ್ಡರು ‘ಯೂಸರ್ಸ್’ ಎಂಬ ಫೋಲ್ಡರಿನ ಕೆಳಗೆ ಹುಟ್ಟುತ್ತದೆ. ತಾತ್ಕಾಲಿಕ ಕಡತಗಳ ಫೋಲ್ಡರು ಕೂಡ ಅದರ ಒಳಗೇ ಸೇರುತ್ತದೆ. ಇನ್ನು ತನ್ನ ಲೈಬ್ರರಿಯನ್ನು ತನ್ನ ಹೊಟ್ಟೆಯಲ್ಲಿಯೇ ಮಡಿಸಿಟ್ಟುಕೊಂಡು, ಪ್ರಾರಂಭದಲ್ಲಿ ಅದನ್ನು ಆ ತಾತ್ಕಾಲಿಕ ಫೋಲ್ಡರಿನಲ್ಲಿ ಬಿಡಿಸಿ, ಅನಂತರ ಲೋಡರಿನ ಮೂಲಕ ಕರೆಸಿಕೊಳ್ಳುವ ಪ್ರೋಗ್ರಾಮೊಂದನ್ನು ಅವರು ತೆರೆದರೆ, ಪ್ರೋಗ್ರಾಮು ಏಳದೆ ಹೋಗಬಹುದು. ಹೆಸರಿಸಿದ ಮಾಡ್ಯೂಲು ಸಿಕ್ಕಲಿಲ್ಲವೆಂಬ 126ನೆಯ ಸಂಖ್ಯೆಯ ದೋಷಸೂಚನೆ ಬರಬಹುದು. ಫೋಲ್ಡರನ್ನು ತೆರೆದು ನೋಡಿದರೆ ಕಡತವೇನೋ ಕಣ್ಣೆದುರಿಗೇ ಇದೆ. ಕೇಳಿದ ಕಡತ ಇಲ್ಲದಿದ್ದರೂ ಇದೇ ಸೂಚನೆ, ಆ ಕಡತ ಅವಲಂಬಿಸಿರುವ ಬೇರೊಂದು ಲೈಬ್ರರಿ ಇಲ್ಲದಿದ್ದರೂ ಇದೇ ಸೂಚನೆಯಾದ್ದರಿಂದ, ಕಷ್ಟದ ಮೂಲ ಹೆಸರಿನ ಲಿಪಿಯಲ್ಲಿದೆಯೆಂಬ ಸುಳಿವೂ ದೊರೆಯದು.

ಇಂಥ ಪ್ರಸಂಗಗಳಲ್ಲಿ ಬಲ್ಲವರು ಕೊಡುವ ಉಪದೇಶ ಪ್ರಸಿದ್ಧವಾದುದು: ಫೋಲ್ಡರಿನ ಹೆಸರಿನಲ್ಲಿ ‘ವಿಶೇಷ ಅಕ್ಷರ’ಗಳನ್ನು ಬಳಸಬೇಡಿ, ಖಾಲಿ ಜಾಗ ಬಿಡಬೇಡಿ, ಇಂಗ್ಲಿಷಿನದಲ್ಲದ ಲಿಪಿಯ ಗೊಡವೆಯೇ ಬೇಡ. ಉಪಯುಕ್ತ ಸಲಹೆಯೆಂಬುದನ್ನು ಅಲ್ಲಗಳೆಯುವುದಿಲ್ಲ. ಆದರೆ ಪ್ರೋಗ್ರಾಮು ಬರೆದವನ ಅಲಕ್ಷ್ಯದ ಫಲವನ್ನು ಬಳಸುವವನ ತಲೆಗೆ ಕಟ್ಟುವ ಈ ಕ್ರಮ ನನಗೆ ನ್ಯಾಯವಾಗಿ ತೋರುವುದಿಲ್ಲ. ಅದೂ ಅಲ್ಲದೆ, ಯಾವ ಅಕ್ಷರವೂ ತನ್ನಷ್ಟಕ್ಕೆ ತಾನು ವಿಶೇಷವಾದುದಲ್ಲ. ಪಥನಾಮವನ್ನು ಬರೆದ ಕೈಗೂ ಕಡತವನ್ನು ತೆರೆಯುವ ಕೈಗೂ ನಡುವೆ ಅದನ್ನು ಓದುವವರು ಹಲವರಿರುತ್ತಾರೆ. ಒಬ್ಬೊಬ್ಬ ಓದುಗನೂ ತನಗಾಗಿ ಒಂದೆರಡು ಚಿಹ್ನೆಗಳನ್ನು ಕಾದಿರಿಸಿಕೊಂಡಿರುತ್ತಾನೆ. ಒಬ್ಬನಿಗೆ ಸಾಮಾನ್ಯವಾದುದು ಇನ್ನೊಬ್ಬನಿಗೆ ಆಜ್ಞೆಯಾಗುತ್ತದೆ. ಈ ಅಧ್ಯಾಯದ ವಿಷಯವೆಲ್ಲ ಆ ಓದುಗರ ಸಾಲೇ.

ಅವರಲ್ಲಿ ಅತ್ಯಂತ ಉದಾರಿಯಾದವನು ಯುನಿಕ್ಸ್ ವ್ಯವಸ್ಥೆಯ ತಿರುಳಾದ ಕರ್ನಲ್. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಪ್ರಾರಂಭಿಸಿದ ಆ ವ್ಯವಸ್ಥೆಯಲ್ಲಿಯೂ, ಅದರ ಸಂಪ್ರದಾಯವನ್ನು ಇಂದಿಗೂ ಪಾಲಿಸುತ್ತಿರುವ ಲಿನಕ್ಸಿನಲ್ಲಿಯೂ, ಕಡತದ ಹೆಸರೆಂದರೆ ಬರಿಯ ಬೈಟುಗಳ ಸಾಲು. ಅದರೊಳಗೆ ನಿಷಿದ್ಧವಾದ ಬೈಟುಗಳು ಎರಡೇ ಎರಡು: ಫೋಲ್ಡರುಗಳನ್ನು ಬೇರ್ಪಡಿಸುವ ಓರೆಗೆರೆ, ಅಂದರೆ 47ನೆಯ ಸಂಖ್ಯೆಯ ಸ್ಲ್ಯಾಷು, ಮತ್ತು ಸಾಲು ಇಲ್ಲಿಗೆ ಮುಗಿಯಿತೆಂದು ಸಾರುವ ಸೊನ್ನೆ. ಮಿಕ್ಕ 254 ಬೈಟುಗಳೂ ಅಲ್ಲಿ ಸಲ್ಲುತ್ತವೆ. ಖಾಲಿ ಜಾಗ, ಉದ್ಧರಣ ಚಿಹ್ನೆ, ನಕ್ಷತ್ರ, ಹೊಸ ಸಾಲಿನ ಗುರುತು ಕೂಡ ಹೆಸರಿನೊಳಗೆ ಇರಬಹುದು. 1979ರ ಏಳನೆಯ ಆವೃತ್ತಿಯ ಯುನಿಕ್ಸಿನಲ್ಲಿ ಹೆಸರಿಗೆ 14 ಬೈಟುಗಳ ಮಿತಿಯಿದ್ದಿತು; ‘ಕರ್ನಾಟಕ’ ಎಂಬ ಶಬ್ದ, ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಇಂದಿನ ಯುಟಿಎಫ್-8 ಕ್ರಮದಲ್ಲಿ 21 ಬೈಟುಗಳನ್ನು ಆಕ್ರಮಿಸುವುದರಿಂದ ಅಲ್ಲಿ ಅದಕ್ಕೆ ಸ್ಥಳವಿರುತ್ತಿರಲಿಲ್ಲ. ಈಗಿನ ಲಿನಕ್ಸಿನ ಸಾಮಾನ್ಯ ಮಿತಿ 255 ಬೈಟುಗಳು. ಕನ್ನಡದ ಯೂನಿಕೋಡ್ ಘಟಕ ಒಂದೊಂದಕ್ಕೆ ಮೂರು ಬೈಟುಗಳಂತೆ 85 ಘಟಕಗಳ ಹೆಸರು ಹಿಡಿಸುತ್ತದೆ.

ಕರ್ನಲ್ ಇಷ್ಟು ಉದಾರಿಯಾದರೂ ಅದರ ಮುಂದೆ ನಿಂತ ಲೋಡರ್ ಹಾಗಲ್ಲ. ಲಿನಕ್ಸಿನಲ್ಲಿ ‘ಡಿಎಲ್‌ಓಪನ್’ ಎಂಬ ಕರೆಗೆ ಕೊಟ್ಟ ಹೆಸರಿನಲ್ಲಿ ಸ್ಲ್ಯಾಷು ಎಲ್ಲಿಯಾದರೂ ಇದ್ದರೆ ಲೋಡರ್ ಅದನ್ನು ಪಥವೆಂದು ತಿಳಿದು ನೇರವಾಗಿ ಅಲ್ಲಿಗೆ ಹೋಗುತ್ತದೆ. ಇಲ್ಲದಿದ್ದರೆ ಬರಿಯ ಹೆಸರೆಂದು ಭಾವಿಸಿ ತನ್ನ ಪಟ್ಟಿಗಳಲ್ಲಿರುವ ಫೋಲ್ಡರುಗಳನ್ನೆಲ್ಲ ಒಂದೊಂದಾಗಿ ಹುಡುಕುತ್ತದೆ. ಹೊಸಬರಿಗೆ ಕಾಲಬುಡದ ಫೋಲ್ಡರಿನಲ್ಲಿಯೇ ಇರುವ ಲೈಬ್ರರಿ ಸಿಕ್ಕದೆ ಹೋಗುವುದು ಇದರಿಂದಲೇ. ಹೆಸರಿನ ಹಿಂದೆ ಒಂದು ಬಿಂದುವನ್ನೂ ಒಂದು ಸ್ಲ್ಯಾಷನ್ನೂ ಇಟ್ಟೊಡನೆ ಸಿಕ್ಕಿಬಿಡುತ್ತದೆ. ಆ ಪಟ್ಟಿಗಳಲ್ಲಿ ಬಳಸುವವನ ಕೈಗೆ ಸಿಕ್ಕುವಂಥದು ‘ಎಲ್‌ಡಿ ಲೈಬ್ರರಿ ಪಾತ್’ ಎಂಬ ಪರಿಸರ ಚರ. ಅದರಲ್ಲಿ ಫೋಲ್ಡರುಗಳ ಹೆಸರುಗಳನ್ನು ಕೋಲನ್ ಚಿಹ್ನೆಯಿಂದಾಗಲಿ ಸೆಮಿಕೋಲನ್ನಿನಿಂದಾಗಲಿ ಬೇರ್ಪಡಿಸಿ ಬರೆಯಬೇಕು. ಫೋಲ್ಡರಿನ ಹೆಸರಿನಲ್ಲಿಯೇ ಕೋಲನ್ ಇದ್ದರೆ ಗತಿಯೇನು? ಗತಿಯಿಲ್ಲ. ಆ ಚಿಹ್ನೆಯ ವಿಶೇಷಾರ್ಥವನ್ನು ತೆಗೆದುಹಾಕಿ ಅಕ್ಷರಶಃ ಓದೆಂದು ಹೇಳುವ ಯಾವ ಸಂಕೇತವನ್ನೂ ಈ ಲೋಡರ್ ಅಂಗೀಕರಿಸುವುದಿಲ್ಲವೆಂದು ಅದರ ಕೈಪಿಡಿಯೇ ಸ್ಪಷ್ಟವಾಗಿ ಹೇಳುತ್ತದೆ. ಪ್ರೋಗ್ರಾಮಿನ ಸ್ವಂತ ಲೈಬ್ರರಿಗಳಿಗಿಂತ ಮೊದಲೇ ಬೇರೆ ಲೈಬ್ರರಿಯನ್ನು ತುರುಕಲು ಇರುವ ‘ಎಲ್‌ಡಿ ಪ್ರೀಲೋಡ್’ ಎಂಬ ಇನ್ನೊಂದು ಚರದಲ್ಲಿಯಾದರೋ ಖಾಲಿ ಜಾಗವೂ ವಿಭಾಜಕವೇ. ಅಲ್ಲಿ ಹೆಸರಿನ ನಡುವೆ ಒಂದು ಖಾಲಿ ಜಾಗ ಬಂದರೆ ಲೈಬ್ರರಿ ಎರಡು ತುಂಡಾಗಿ, ಎರಡೂ ಸಿಕ್ಕದೆ ಹೋಗುತ್ತವೆ.

ವಿಭಾಜಕ ಚಿಹ್ನೆಯಿಂದಾಗುವ ಕೇಡು ಅದು ಇರುವಲ್ಲಿ ಮಾತ್ರವೇ ಅಲ್ಲ, ಅದರ ಆಚೀಚೆ ಏನೂ ಇಲ್ಲದಿರುವಲ್ಲಿಯೂ ಉಂಟು. ಹಳೆಯ ಪಟ್ಟಿಯ ಕೊನೆಗೆ ಹೊಸ ಫೋಲ್ಡರನ್ನು ಸೇರಿಸಲು ಜನ ಸಾಮಾನ್ಯವಾಗಿ ಹಳೆಯ ಬೆಲೆ, ಒಂದು ಕೋಲನ್, ಹೊಸ ಹೆಸರು ಎಂದು ಬರೆಯುತ್ತಾರೆ. ಹಳೆಯ ಬೆಲೆಯೇ ಬರಿದಾಗಿದ್ದರೆ ಪಟ್ಟಿ ಕೋಲನ್ನಿನಿಂದಲೇ ಪ್ರಾರಂಭವಾಗುತ್ತದೆ. ಅದರ ಹಿಂದಿನ ಶೂನ್ಯವನ್ನು ಲೋಡರ್ ‘ಈಗ ನಿಂತಿರುವ ಫೋಲ್ಡರು’ ಎಂದು ಓದಿಕೊಳ್ಳುತ್ತದೆ. ಆದಕಾರಣ, ಯಾರು ಬೇಕಾದರೂ ಬರೆಯಬಹುದಾದ ಸಾರ್ವಜನಿಕ ಫೋಲ್ಡರಿನಲ್ಲಿ ನಿಂತು ಆ ಪ್ರೋಗ್ರಾಮನ್ನು ಓಡಿಸಿದರೆ, ಅಲ್ಲಿ ಇನ್ನಾರೋ ಇಟ್ಟುಹೋದ ಅದೇ ಹೆಸರಿನ ಕಪಟ ಲೈಬ್ರರಿ ಒಳಕ್ಕೆ ಬರುವ ಸಂಭವ ಉಂಟು.

ಮ್ಯಾಕಿನಲ್ಲಿ ಈ ಕೋಲನ್ನಿಗೆ ಒಂದು ವಿಚಿತ್ರವಾದ ಪೂರ್ವೇತಿಹಾಸವಿದೆ. ಹಳೆಯ ಮ್ಯಾಕಿಂತೋಷಿನಲ್ಲಿ ಫೋಲ್ಡರುಗಳನ್ನು ಬೇರ್ಪಡಿಸುತ್ತಿದ್ದುದು ಕೋಲನ್ನೇ ಹೊರತು ಸ್ಲ್ಯಾಷಲ್ಲ. ಅನಂತರ ಯುನಿಕ್ಸಿನ ತಳಹದಿಯ ಮೇಲೆ ಆ ವ್ಯವಸ್ಥೆಯನ್ನು ಪುನಃ ಕಟ್ಟಿದಾಗ ಎರಡು ಸಂಪ್ರದಾಯಗಳನ್ನೂ ಉಳಿಸಬೇಕಾಗಿ, ಫೈಂಡರ್ ಕಿಟಕಿಯಲ್ಲಿ ಬಳಸುವವನು ಸ್ಲ್ಯಾಷನ್ನು ಒತ್ತಿದರೆ ಒಳಗಿನ ಯುನಿಕ್ಸಿಗೆ ಅದು ಕೋಲನ್ನಾಗಿ ಕಾಣಿಸುವಂತೆ ಅದಲುಬದಲಿನ ವ್ಯವಸ್ಥೆ ಮಾಡಿದರು. ದಿನಾಂಕವನ್ನು ಸ್ಲ್ಯಾಷುಗಳಿಂದ ಬಿಡಿಸಿ ಫೋಲ್ಡರಿಗೆ ಹೆಸರಿಟ್ಟ ನಿರಪರಾಧಿಯೊಬ್ಬನ ಪಥದಲ್ಲಿ, ಅವನು ಎಂದೂ ಬರೆಯದ ಕೋಲನ್ ಬಂದು ಕುಳಿತು, ಕೋಲನ್ನಿನಿಂದ ಬಿಡಿಸಿದ ಪ್ರತಿಯೊಂದು ಪಟ್ಟಿಯನ್ನೂ ಕೆಡಿಸಬಲ್ಲುದು.

ಓದುಗರ ಸಾಲು ಅತ್ಯಂತ ದೀರ್ಘವಾಗಿರುವುದು ಪ್ರೋಗ್ರಾಮನ್ನು ಓಡಿಸುವಾಗ ಅಲ್ಲ, ಕಟ್ಟುವಾಗ. ತನ್ನ ಲೈಬ್ರರಿಗಳು ತನ್ನ ಪಕ್ಕದಲ್ಲಿಯೇ ಇರುವುವೆಂದು ಪ್ರೋಗ್ರಾಮಿನಲ್ಲಿ ಗುರುತು ಬರೆದಿಡಲು ಲಿನಕ್ಸಿನ ಲೋಡರ್ ಒಂದು ಅನುಕೂಲವನ್ನು ಒದಗಿಸಿದೆ: ಡಾಲರ್ ಚಿಹ್ನೆಯ ಮುಂದೆ ‘ಒರಿಜಿನ್’ ಎಂದು ದೊಡ್ಡಕ್ಷರಗಳಲ್ಲಿ ಬರೆದರೆ, ಓಡುವ ಸಮಯದಲ್ಲಿ ಲೋಡರ್ ಅದರ ಸ್ಥಾನದಲ್ಲಿ ಪ್ರೋಗ್ರಾಮು ಇರುವ ಫೋಲ್ಡರಿನ ಹೆಸರನ್ನು ಇಟ್ಟುಕೊಳ್ಳುತ್ತದೆ. ಪ್ರೋಗ್ರಾಮನ್ನು ಎಲ್ಲಿಗೆ ಸಾಗಿಸಿದರೂ ಲೈಬ್ರರಿ ಜೊತೆಯಲ್ಲಿ ಸಾಗಿದರೆ ಸಾಕು. ಸೊಗಸಾದ ಉಪಾಯವೇ ಸರಿ. ಆದರೆ ಈ ಡಾಲರ್ ಚಿಹ್ನೆ ಬರೆದವನ ಕೈಯಿಂದ ಲೋಡರಿನ ಕಣ್ಣಿನವರೆಗೆ ಪ್ರಯಾಣಮಾಡಬೇಕಾದ ಮಾರ್ಗದಲ್ಲಿ ಕಟ್ಟುವ ಕೆಲಸವನ್ನು ನಡೆಸುವ ಮೇಕ್ ಎಂಬ ಸಾಧನವಿದೆ, ಬರೆದ ಆಜ್ಞೆಗಳನ್ನು ಓದಿ ನಡೆಸುವ ಶೆಲ್ ಇದೆ, ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್ ಇದೆ, ಅದರ ತುಂಡುಗಳನ್ನು ಜೋಡಿಸುವ ಲಿಂಕರ್ ಇದೆ. 1976ರಲ್ಲಿ ಸ್ಟೂವರ್ಟ್ ಫೆಲ್ಡ್‌ಮನ್ ರಚಿಸಿದ ಮೇಕ್‌ಗೆ ಡಾಲರ್ ಎಂದರೆ ತನ್ನದೇ ಚರವೊಂದರ ಸೂಚನೆ. ಆವರಣ ಚಿಹ್ನೆಗಳಿಲ್ಲದಿದ್ದರೆ ಮುಂದಿನ ಒಂದೇ ಅಕ್ಷರವನ್ನು ಅದು ಚರದ ಹೆಸರೆಂದು ತಿಳಿಯುತ್ತದೆ. ಹಾಗಾಗಿ ಎಚ್ಚರವಿಲ್ಲದೆ ಬರೆದರೆ ಡಾಲರನ್ನೂ ‘ಒ’ ಎಂಬ ಮೊದಲ ಅಕ್ಷರವನ್ನೂ ಮೇಕ್ ನುಂಗಿ, ಆ ಹೆಸರಿನ ಚರ ಯಾವುದೂ ಇಲ್ಲವಾದ್ದರಿಂದ ಬರಿದನ್ನೇ ಇಟ್ಟು, ‘ರಿಜಿನ್’ ಎಂಬ ಅರ್ಥಹೀನವಾದ ಶೇಷವನ್ನು ಮುಂದಕ್ಕೆ ಕಳುಹಿಸುತ್ತದೆ. ಪ್ರಸಿದ್ಧ ಪ್ರೋಗ್ರಾಮುಗಳ ಗರ್ಭದಲ್ಲಿ ಕೂಡ ಈ ಶೇಷ ಕಾಣಸಿಕ್ಕರೆ ಅಚ್ಚರಿಪಡಬೇಕಾಗಿಲ್ಲ.

ಇದನ್ನು ತಿಳಿದವನು ಮೇಕಿನ ನಿಯಮದಂತೆ ಎರಡು ಡಾಲರುಗಳನ್ನು ಬರೆಯುತ್ತಾನೆ. ಮೇಕ್ ಎರಡನ್ನು ಒಂದು ಮಾಡಿ ಶೆಲ್ಲಿಗೆ ಒಪ್ಪಿಸುತ್ತದೆ. ಶೆಲ್ಲಿಗೂ ಡಾಲರ್ ಚರದ ಸೂಚನೆಯೇ. ‘ಒರಿಜಿನ್’ ಎಂಬ ಚರ ಅದರ ಬಳಿಯೂ ಇಲ್ಲದಿರಲು ಪೂರ್ತಿ ಶಬ್ದವೇ ಮಾಯವಾಗಿ, ‘ಪ್ರೋಗ್ರಾಮಿನ ಫೋಲ್ಡರಿನಿಂದ ಒಂದು ಮೆಟ್ಟಿಲು ಮೇಲೇರಿ ಅಲ್ಲಿಯ ಲಿಬ್ ಫೋಲ್ಡರಿಗೆ ಹೋಗು’ ಎಂದು ಬರೆದುದು ‘ಮೂಲ ಫೋಲ್ಡರಿನಿಂದ ಒಂದು ಮೆಟ್ಟಿಲು ಮೇಲೇರಿ’ ಎಂದಾಗುತ್ತದೆ. ಯುನಿಕ್ಸಿನಲ್ಲಿ ಮೂಲಕ್ಕಿಂತ ಮೇಲೆ ಏನೂ ಇಲ್ಲ, ಏರಿದವನು ಅಲ್ಲಿಯೇ ನಿಲ್ಲುತ್ತಾನೆ. ಆದ್ದರಿಂದ ಲೋಡರ್ ವ್ಯವಸ್ಥೆಯ ಸ್ವಂತ ಲಿಬ್ ಫೋಲ್ಡರಿಗೆ ಹೋಗಿ, ಅಲ್ಲಿ ಅದೇ ಹೆಸರಿನ ಬೇರೆ ಆವೃತ್ತಿಯ ಲೈಬ್ರರಿ ಇದ್ದರೆ ಅದನ್ನೇ ಸಂತೋಷದಿಂದ ತರುತ್ತದೆ. ದೋಷಸೂಚನೆ ಬರಲಿಲ್ಲವೆಂಬುದೇ ಇಲ್ಲಿ ದೊಡ್ಡ ದೋಷ. ಶೆಲ್ಲಿನ ಕಣ್ಣು ತಪ್ಪಿಸಲು ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಇಡಬೇಕು. ಅಷ್ಟಾದ ಮೇಲೆ ಕಂಪೈಲರ್ ಬರುತ್ತದೆ. ಲಿಂಕರಿಗೆ ತಲುಪಿಸಬೇಕಾದ ಮಾತುಗಳನ್ನು ಅದು ಅಲ್ಪವಿರಾಮ ಕಂಡಲ್ಲೆಲ್ಲ ಕತ್ತರಿಸುವುದರಿಂದ, ಅಲ್ಪವಿರಾಮವಿರುವ ಫೋಲ್ಡರಿನ ಹೆಸರನ್ನು ಆ ಮಾರ್ಗದಿಂದ ಕಳುಹಿಸುವಂತೆಯೇ ಇಲ್ಲ, ಅದಕ್ಕೆ ‘ಎಕ್ಸ್‌ಲಿಂಕರ್’ ಎಂಬ ಬೇರೆ ಆಯ್ಕೆಯನ್ನು ಹಿಡಿಯಬೇಕು. ಕೊನೆಗೆ ಲೋಡರ್. ನಿಜವಾಗಿಯೇ ಡಾಲರ್ ಒರಿಜಿನ್ ಎಂಬ ಹೆಸರಿನ ಫೋಲ್ಡರನ್ನು ಯಾರಾದರೂ ಮಾಡಿದ್ದರೆ ಅದನ್ನು ಅಕ್ಷರಶಃ ಸೂಚಿಸುವ ವಿಧಾನ ಅದರಲ್ಲಿಲ್ಲ. ಖಾಲಿ ಜಾಗವಿರುವ ಹೆಸರುಗಳ ವಿಷಯದಲ್ಲಿ ಗ್ನೂ ಮೇಕಿನ ಅಸಹಾಯಕತೆ ಲೋಕವಿದಿತವಾದ್ದರಿಂದ ಅದನ್ನು ವಿಸ್ತರಿಸುವುದಿಲ್ಲ.

ಇನ್ನು ವಿಂಡೋಸಿನ ಕಡೆಗೆ ಬರೋಣ. ಅಲ್ಲಿ ಸ್ಲ್ಯಾಷಿನ ಸ್ಥಾನದಲ್ಲಿ ಹಿಮ್ಮುಖವಾದ ಓರೆಗೆರೆ, ಬ್ಯಾಕ್‌ಸ್ಲ್ಯಾಷು, ನಿಂತಿರುವುದಕ್ಕೆ ಕಾರಣ ಒಂದು ಅಕಾಲದ ಒತ್ತುವರಿ. 1981ರ ಮೊದಲ ಡಾಸಿನಲ್ಲಿ ಫೋಲ್ಡರುಗಳೇ ಇರಲಿಲ್ಲ. ಸ್ಲ್ಯಾಷನ್ನು ಆಜ್ಞೆಗಳ ಆಯ್ಕೆಗಳಿಗೆ ಗುರುತಾಗಿ ಬಳಸಿಬಿಟ್ಟಿದ್ದರು. 1983ರ ಎರಡನೆಯ ಆವೃತ್ತಿಯಲ್ಲಿ ಫೋಲ್ಡರುಗಳು ಬಂದಾಗ ಸ್ಲ್ಯಾಷು ಖಾಲಿಯಿರಲಿಲ್ಲವಾಗಿ ಅದರ ಪ್ರತಿಬಿಂಬವನ್ನು ಹಿಡಿದರು. ಆದರೆ ಸಿ ಭಾಷೆಯಲ್ಲಿಯೂ ಅದರ ಸಂತತಿಯ ಭಾಷೆಗಳಲ್ಲಿಯೂ ಬ್ಯಾಕ್‌ಸ್ಲ್ಯಾಷು ಮುಂದಿನ ಅಕ್ಷರದ ಅರ್ಥವನ್ನು ಬದಲಿಸುವ ಸಂಕೇತ. ಅದರ ಮುಂದೆ ಇಂಗ್ಲಿಷಿನ ‘ಎನ್’ ಬಂದರೆ ಹೊಸ ಸಾಲು, ‘ಟಿ’ ಬಂದರೆ ಟ್ಯಾಬ್. ‘ನ್ಯೂ’ ಎಂಬ ಫೋಲ್ಡರಿನೊಳಗಿನ ‘ಟೂಲ್ಸ್’ ಎಂಬ ಲೈಬ್ರರಿಯ ಪಥವನ್ನು ಇದ್ದಂತೆಯೇ ಬರೆದವನು ಹೊಸ ಸಾಲೊಂದನ್ನೂ ಟ್ಯಾಬೊಂದನ್ನೂ ಹೆಸರಿನೊಳಗೆ ನೆಟ್ಟಿರುತ್ತಾನೆ. ಪೈಥಾನಿನ ಮೂರನೆಯ ಆವೃತ್ತಿಯಲ್ಲಿ ದೊಡ್ಡಕ್ಷರದ ‘ಯು’ ಬಂದರೆ ಎಂಟು ಅಂಕಿಗಳ ಯೂನಿಕೋಡ್ ಸಂಖ್ಯೆಯನ್ನು ನಿರೀಕ್ಷಿಸುವುದರಿಂದ, ‘ಯೂಸರ್ಸ್’ ಫೋಲ್ಡರಿನ ಹೆಸರನ್ನು ಹಾಗೆ ಬರೆದ ಪ್ರೋಗ್ರಾಮು ಪ್ರಾರಂಭವೇ ಆಗಲೊಲ್ಲದು. ಇದು ಒಂದು ಬಗೆಯಲ್ಲಿ ಉಪಕಾರವೇ. ಮೌನವಾಗಿ ಕೆಡುವುದಕ್ಕಿಂತ ಗಟ್ಟಿಯಾಗಿ ಕೂಗಿಕೊಂಡು ಕೆಡುವುದು ಮೇಲು.

ಕನ್ನಡದ ಹೆಸರಿನ ಫೋಲ್ಡರಿಗೆ ವಿಂಡೋಸಿನಲ್ಲಿ ಒದಗುವ ವಿಪತ್ತಿನ ಕಾರಣ ಇವೆಲ್ಲಕ್ಕಿಂತ ಆಳವಾದುದು. ವಿಂಡೋಸಿನ ಕಡತವ್ಯವಸ್ಥೆಯಾದ ಎನ್‌ಟಿಎಫ್‌ಎಸ್ ಹೆಸರುಗಳನ್ನು 16 ಬಿಟ್ಟುಗಳ ಯೂನಿಕೋಡ್ ಘಟಕಗಳಲ್ಲಿ ಇಡುತ್ತದೆ. ಅದಕ್ಕೆ ಕನ್ನಡವೂ ಒಂದೇ, ಇಂಗ್ಲಿಷೂ ಒಂದೇ. ಆದರೆ ಲೈಬ್ರರಿಯನ್ನು ಕರೆತರುವ ‘ಲೋಡ್‌ಲೈಬ್ರರಿ’ ಎಂಬ ಕರೆಗೆ ಎರಡು ರೂಪಗಳುಂಟು: ‘ಡಬ್ಲ್ಯು’ ಎಂಬ ಪ್ರತ್ಯಯವುಳ್ಳದ್ದು ಯೂನಿಕೋಡನ್ನು ನೇರವಾಗಿ ಸ್ವೀಕರಿಸುತ್ತದೆ, ‘ಎ’ ಎಂಬ ಪ್ರತ್ಯಯವುಳ್ಳ ಹಳೆಯ ರೂಪ ಆಯಾ ಯಂತ್ರದ ಕೋಡ್‌ಪೇಜಿನ ಬೈಟುಗಳನ್ನು ತೆಗೆದುಕೊಂಡು ಯೂನಿಕೋಡಿಗೆ ಪರಿವರ್ತಿಸುತ್ತದೆ. ಕೋಡ್‌ಪೇಜು ಎಂದರೆ ಹೆಚ್ಚೆಂದರೆ ಒಂದೆರಡು ಲಿಪಿಗಳಿಗೆ ಸ್ಥಳವಿರುವ ಹಳೆಯ ಕಾಲದ ಅಕ್ಷರಪಟ್ಟಿ. ರಷ್ಯನ್ನಿಗೆ, ಗ್ರೀಕಿಗೆ, ಜಪಾನಿಗೆ, ಥಾಯ್ ಭಾಷೆಗೆ ಅಂಥ ಪಟ್ಟಿಗಳಿದ್ದುವು. ಕನ್ನಡಕ್ಕೆ ವಿಂಡೋಸಿನಲ್ಲಿ ವ್ಯವಸ್ಥೆಯ ಪಟ್ಟಿಯಾಗಬಲ್ಲ ಅಂಥ ಕೋಡ್‌ಪೇಜು ಎಂದೂ ಇರಲಿಲ್ಲ, ನಮ್ಮ ಭಾಷೆ ಅಲ್ಲಿಗೆ ಯೂನಿಕೋಡಿನ ಮೂಲಕವೇ ಪ್ರವೇಶಿಸಿತು. ಆದ್ದರಿಂದ ಮಾಸ್ಕೋದಲ್ಲಿ ರಷ್ಯನ್ ಹೆಸರಿನ ಫೋಲ್ಡರಿನಿಂದ ಹಳೆಯ ಕರೆ ಅದೃಷ್ಟವಶಾತ್ ನಡೆದುಹೋಗುವಲ್ಲಿ, ಇಲ್ಲಿ ಅದೇ ಕರೆ ಕನ್ನಡ ಹೆಸರಿನ ಮುಂದೆ ಸೋಲುವುದು ನಿಶ್ಚಿತ. ಪಾಶ್ಚಾತ್ಯ ಯೂರೋಪಿನ 1252ನೆಯ ಪಟ್ಟಿಯನ್ನು ಬಳಸುವ ನಮ್ಮ ಯಂತ್ರಗಳಲ್ಲಿ ಪ್ರೋಗ್ರಾಮು ಲೋಡರಿಗೆ ಕೊಡಲೆಂದು ತಾತ್ಕಾಲಿಕ ಫೋಲ್ಡರಿನ ಹೆಸರನ್ನು ಹಳೆಯ ರೂಪದಲ್ಲಿ ಕೇಳಿದರೆ, ಪಟ್ಟಿಯಲ್ಲಿಲ್ಲದ ಕನ್ನಡ ಘಟಕಗಳ ಬದಲಿಗೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ದೊರೆಯುತ್ತದೆ. ಆ ಚಿಹ್ನೆ ವಿಂಡೋಸಿನ ಹೆಸರುಗಳಲ್ಲಿ ನಿಷಿದ್ಧವಾದುದು, ಅಂಥ ಫೋಲ್ಡರು ಎಲ್ಲಿಯೂ ಇರಲು ಸಾಧ್ಯವೇ ಇಲ್ಲ. ಆರಂಭದಲ್ಲಿ ಹೇಳಿದ 126ರ ರಹಸ್ಯ ಇದು. ಹೋದುದು ಮರಳಿ ಬರುವಂತೆಯೂ ಇಲ್ಲ, ಯಾಕೆಂದರೆ ಯಾವ ಪ್ರಶ್ನಾರ್ಥಕ ಯಾವ ಅಕ್ಷರದ ಪ್ರತಿನಿಧಿಯೆಂಬುದು ಪರಿವರ್ತನೆಯಲ್ಲಿಯೇ ನಷ್ಟವಾಗಿರುತ್ತದೆ.

ಕೋಡ್‌ಪೇಜು ಇದ್ದವರೂ ಸುಖವಾಗಿರಲಿಲ್ಲವೆಂಬುದಕ್ಕೆ ಜಪಾನೀಯರೇ ಸಾಕ್ಷಿ. ಅವರ ಷಿಫ್ಟ್-ಜಿಸ್ ಎಂಬ ಪದ್ಧತಿಯಲ್ಲಿ ಬಹುಪಾಲು ಅಕ್ಷರಗಳಿಗೆ ಎರಡೆರಡು ಬೈಟುಗಳು, ಎರಡನೆಯ ಬೈಟು ಕೆಲವೆಡೆ 92 ಆಗಬಹುದು; 92 ಎಂದರೆ ಬ್ಯಾಕ್‌ಸ್ಲ್ಯಾಷು. ಕೋಷ್ಟಕ ಎಂಬ ಅರ್ಥದ ಅತಿ ಸಾಮಾನ್ಯ ಅಕ್ಷರವೊಂದು 149, 92 ಎಂಬ ಜೋಡಿ. ಕಟಕಾನ ಲಿಪಿಯ ‘ಸೊ’ 131, 92. ಪ್ರೋಗ್ರಾಮು ತನ್ನ ಪಕ್ಕದ ಲೈಬ್ರರಿಯನ್ನು ಹುಡುಕಲು ತನ್ನ ಪಥದ ಕೊನೆಯ ಬ್ಯಾಕ್‌ಸ್ಲ್ಯಾಷು ಎಲ್ಲಿದೆಯೆಂದು ಬೈಟು ಬೈಟಾಗಿ ನೋಡುತ್ತ ಹೋದರೆ, ಇಂಥ ಅಕ್ಷರವನ್ನು ನಡುವೆ ಸೀಳಿ ಅರ್ಧವನ್ನು ಫೋಲ್ಡರೆಂದೂ ಉಳಿದುದನ್ನು ಹೆಸರೆಂದೂ ತಿಳಿದುಬಿಡುತ್ತದೆ.

1992ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಊಟದ ಹೋಟೆಲೊಂದರಲ್ಲಿ ಕೆನ್ ಥಾಂಪ್ಸನ್ ರಾಬ್ ಪೈಕ್ ಅವರೊಡನೆ ಕುಳಿತು, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಯುಟಿಎಫ್-8 ಪದ್ಧತಿಯನ್ನು ರೂಪಿಸಿದಾಗ ಅವರ ಕಣ್ಣೆದುರಿಗೆ ಇದ್ದುದು ಈ ಬಗೆಯ ಗಂಡಾಂತರವೇ. ಕಡತವ್ಯವಸ್ಥೆಗೆ ಅಪಾಯವಾಗದ ಸಂಕೇತಪದ್ಧತಿಯೊಂದು ಬೇಕೆಂಬ ಅಪೇಕ್ಷೆಯಿಂದಲೇ ಆ ಪ್ರಯತ್ನ ಹುಟ್ಟಿದ್ದಿತು. ಅವರು ಮಾಡಿದ ಏರ್ಪಾಡಿನಲ್ಲಿ ಹಳೆಯ 128 ಚಿಹ್ನೆಗಳನ್ನು ಬಿಟ್ಟು ಮಿಕ್ಕ ಯಾವ ಅಕ್ಷರದ ಯಾವ ಬೈಟೂ 128ಕ್ಕಿಂತ ಕಡಮೆಯಾಗದು. ‘ಕ’ ಎಂಬುದು 224, 178, 149. ಅದರೊಳಗೆ 47 ಇಲ್ಲ, ಸೊನ್ನೆ ಇಲ್ಲ, 92 ಇಲ್ಲ, ಕೋಲನ್ನಿಲ್ಲ, ಡಾಲರಿಲ್ಲ. ಆದಕಾರಣ ಕನ್ನಡವೆಂಬ ಭಾಷೆ ಇದೆಯೆಂಬುದನ್ನೇ ಅರಿಯದ ಕರ್ನಲ್ಲಾಗಲಿ ಲೋಡರಾಗಲಿ ಕನ್ನಡದ ಪಥವನ್ನು ತಪ್ಪಿಲ್ಲದೆ ನಡೆಯಬಲ್ಲುದು. ಲಿನಕ್ಸಿನಲ್ಲಿ ಕನ್ನಡ ಹೆಸರಿನ ಫೋಲ್ಡರಿನಿಂದ ಲೈಬ್ರರಿ ಬರುವುದಕ್ಕೆ ಯಾರೂ ಪ್ರತ್ಯೇಕ ಶ್ರಮಪಡಬೇಕಾಗಿಲ್ಲದಿರುವುದು ಇದರಿಂದಲೇ. ವಿಂಡೋಸಿನಲ್ಲಿಯೂ 2019ರ 1903 ಎಂಬ ಆವೃತ್ತಿಯಿಂದೀಚೆಗೆ ಪ್ರೋಗ್ರಾಮು ತನ್ನ ಕೋಡ್‌ಪೇಜು ಯುಟಿಎಫ್-8 ಎಂದು ತನ್ನ ಮ್ಯಾನಿಫೆಸ್ಟಿನಲ್ಲಿ ಘೋಷಿಸಿಕೊಳ್ಳಬಹುದಾಗಿದೆ. ಹಾಗೆ ಮಾಡಿದರೆ ಹಳೆಯ ‘ಎ’ ರೂಪವೂ ಕನ್ನಡವನ್ನು ಸಹಿಸುತ್ತದೆ.

ಹೀಗೆಂದು ನಿಶ್ಚಿಂತರಾಗುವಂತಿಲ್ಲ, ಬೈಟುಗಳನ್ನು ಮಾತ್ರ ನೋಡುವವನಿಗೆ ಕನ್ನಡದಲ್ಲಿ ಇನ್ನೊಂದು ತೊಡಕು ಉಂಟು. ‘ಕೋಶ’ ಎಂಬ ಹೆಸರಿನ ಫೋಲ್ಡರನ್ನು ತೆಗೆದುಕೊಳ್ಳಿ. ಓಕಾರದ ಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಘಟಕವಾಗಿ ಬರೆಯಬಹುದು. ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಗುರುತು ಎಂದು ಮೂರು ಘಟಕಗಳಾಗಿ ಬಿಡಿಸಿಯೂ ಬರೆಯಬಹುದು. ಎರಡೂ ಸಮಾನವೆಂದು ಯೂನಿಕೋಡಿನ ಶಾಸನ. ಮೊದಲನೆಯ ರೀತಿಯಲ್ಲಿ ಆ ಹೆಸರು 9 ಬೈಟು, ಎರಡನೆಯದರಲ್ಲಿ 15. ಪರದೆಯ ಮೇಲೆ ಎಳ್ಳಷ್ಟೂ ಭೇದವಿಲ್ಲ. ಲಿನಕ್ಸಿನ ದೃಷ್ಟಿಯಲ್ಲಿ ಅವು ಬೇರೆಬೇರೆ ಫೋಲ್ಡರುಗಳು, ಎರಡೂ ಅಕ್ಕಪಕ್ಕದಲ್ಲಿ ಇರಬಹುದು. 1998ರಲ್ಲಿ ಬಂದ ಮ್ಯಾಕಿನ ಎಚ್‌ಎಫ್‌ಎಸ್ ಪ್ಲಸ್ ಎಂಬ ಕಡತವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿದ್ದಿತಾಗಿ, ಅಲ್ಲಿಂದ ಲಿನಕ್ಸಿಗೆ ಹಾಗೆಯೇ ಸಾಗಿಸಿದ ಫೋಲ್ಡರು 15 ಬೈಟಿನ ಹೆಸರಿನಿಂದ ಬಂದಿಳಿಯುತ್ತದೆ. ಪ್ರೋಗ್ರಾಮಿನೊಳಗೆ ಕೀಲಿಮಣೆಯಿಂದ ಒತ್ತಿದ 9 ಬೈಟಿನ ಹೆಸರು ಅದನ್ನು ಹುಡುಕಿ ಕಾಣದೆ ಹಿಂದಿರುಗುತ್ತದೆ. ಅದರ ಉತ್ತರಾಧಿಕಾರಿಯಾಗಿ 2017ರಲ್ಲಿ ಬಂದ ಎಪಿಎಫ್‌ಎಸ್ ಬರೆದುದನ್ನು ಬರೆದಂತೆಯೇ ಇರಿಸುತ್ತದೆ. ಕನ್ನಡದಲ್ಲಿ ಅರ್ಧಾಕ್ಷರ ಮುಂದಿನದಕ್ಕೆ ಒತ್ತಾಗಿ ಸೇರದಂತೆ ತಡೆಯಲು, ‘ರಾಜ್‌ಕುಮಾರ್’ ಎಂಬಲ್ಲಿಯಂತೆ, ನಾವು ಇಡುವ ಕಣ್ಣಿಗೆ ಕಾಣದ ಗುರುತೂ ಮೂರು ಬೈಟುಗಳನ್ನು ಹೊಂದಿರುವ ಪೂರ್ಣ ಘಟಕವೇ. ಎಚ್‌ಎಫ್‌ಎಸ್ ಪ್ಲಸ್ ಹೋಲಿಸುವಾಗ ಈ ಗುರುತನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಪ್ರೋಗ್ರಾಮುಗಳ ಆವೃತ್ತಿಗಳನ್ನು ಕಾಯ್ದಿಡುವ ಗಿಟ್ ಎಂಬ ಸಾಧನ ಹಿಡಿಯುತ್ತಿದ್ದಿತು. ಗಿಟ್ ತನ್ನ ಆಡಳಿತದ ಗುಪ್ತ ಫೋಲ್ಡರಿನ ಹೆಸರನ್ನು ಇತರರು ಬಳಸದಂತೆ ಕಾಯುತ್ತಿದ್ದರೂ, ಆ ಹೆಸರಿನ ನಡುವೆ ಇದೇ ಗುರುತನ್ನು ಸೇರಿಸಿದರೆ ಗಿಟ್ಟಿಗೆ ಬೇರೆ ಹೆಸರಾಗಿಯೂ ಮ್ಯಾಕಿಗೆ ಅದೇ ಹೆಸರಾಗಿಯೂ ಕಂಡು ಪರರ ಆಜ್ಞೆಗಳು ಒಳನುಸುಳಬಹುದೆಂದು 2014ರ ಡಿಸೆಂಬರಿನಲ್ಲಿ ಪ್ರಕಟವಾಗಿ, ಅವಸರದಿಂದ ತಿದ್ದುಪಡಿ ಮಾಡಬೇಕಾಯಿತು.

ಜಾವಾ ಪ್ರೋಗ್ರಾಮುಗಳಲ್ಲಿ ಕಾಣುವ ದೋಷವನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇನೆ. ಅಲ್ಲಿ ಪ್ರೋಗ್ರಾಮಿನ ಜೊತೆಗಿರುವ ಕಡತದ ಸ್ಥಾನ ಜಾಲವಿಳಾಸದ ರೂಪದಲ್ಲಿ ದೊರೆಯುತ್ತದೆ. ಅದರಲ್ಲಿ ಖಾಲಿ ಜಾಗವನ್ನು ಶೇಕಡಾ ಚಿಹ್ನೆ ಮತ್ತು 20 ಎಂಬ ಅಂಕಿಯಿಂದ ಬರೆದಿರುತ್ತದೆ. ಇದನ್ನೇ ಲೋಡರಿಗೆ ಕೊಟ್ಟರೆ ಅದು ಹೆಸರಿನಲ್ಲಿ ನಿಜವಾಗಿಯೂ %20 ಎಂದಿರುವ ಫೋಲ್ಡರನ್ನು ಅರಸುತ್ತದೆ. ಜಾಲಪುಟದ ಅರ್ಜಿಗಳಿಗಾಗಿ ಮಾಡಿದ ವಿಸಂಕೇತನದಿಂದ ಇದನ್ನು ಸರಿಪಡಿಸಹೊರಟವರು, ಆ ಪದ್ಧತಿಯಲ್ಲಿ ಕೂಡುವ ಚಿಹ್ನೆಯೂ ಖಾಲಿ ಜಾಗವೇ ಆದ್ದರಿಂದ, ‘ಸಿ++’ ಎಂಬ ಫೋಲ್ಡರಿನ ಎರಡು ಕೂಡುವ ಚಿಹ್ನೆಗಳನ್ನೂ ಅಳಿಸಿಬಿಡುತ್ತಾರೆ. ವಿಳಾಸವನ್ನು ವಿಳಾಸವಾಗಿಯೇ ಕಡತವಸ್ತುವಿಗೆ ಒಪ್ಪಿಸಿದರೆ ಈ ಕಷ್ಟವಿಲ್ಲ.

ಒಬ್ಬ ಓದುಗನನ್ನು ಸಮಾಧಾನಪಡಿಸಲು ಇನ್ನೊಂದು ಚಿಹ್ನೆ, ಅದನ್ನು ಕಾಪಾಡಲು ಮತ್ತೊಂದು, ಎಂದು ಪೇರಿಸುತ್ತ ಹೋಗುವುದಕ್ಕಿಂತ ನಡುವಿನ ಓದುಗರ ಸಂಖ್ಯೆಯನ್ನೇ ಇಳಿಸುವುದು ವಿಹಿತವೆಂದು ನನ್ನ ಅಭಿಪ್ರಾಯ; ಹಾಗೆ ಇಳಿಸಿದ ನಿದರ್ಶನಗಳೂ ಇವೆ. ವಿಂಡೋಸಿನಲ್ಲಿ ಸೆಮಿಕೋಲನ್ ಹೆಸರಿನೊಳಗೆ ಸಮ್ಮತವಾದ ಚಿಹ್ನೆ, ಹುಡುಕುವ ಪಟ್ಟಿಯಲ್ಲಿ ಅದೇ ವಿಭಾಜಕ. ಈ ವಿರೋಧವನ್ನು ‘ಆಡ್‌ಡಿಎಲ್‌ಎಲ್‌ಡೈರೆಕ್ಟರಿ’ ಎಂಬ ಕರೆ ಸಹಜವಾಗಿ ಪರಿಹರಿಸುತ್ತದೆ: ಒಂದು ಕರೆಗೆ ಒಂದೇ ಫೋಲ್ಡರು, ಪಟ್ಟಿಯೇ ಇಲ್ಲದ ಮೇಲೆ ವಿಭಾಜಕವೆಲ್ಲಿಂದ? ಪೈಥಾನ್ 3.8ರಿಂದ ಅಲ್ಲಿಯೂ ಇದೇ ಮಾರ್ಗವನ್ನು ಹಿಡಿದಿದ್ದಾರೆ. ಯುನಿಕ್ಸಿನಲ್ಲಿ ಶೆಲ್ಲಿಗೆ ಒಂದು ಉದ್ದನೆಯ ವಾಕ್ಯವನ್ನು ಕೊಡುವ ಬದಲು ಮಾತುಗಳನ್ನು ಬಿಡಿಬಿಡಿಯಾಗಿಯೇ ಕರ್ನಲ್ಲಿಗೆ ಒಪ್ಪಿಸುವ ಕರೆಗಳಿವೆ. ಅವನ್ನು ಬಳಸಿದವನಿಗೆ ಉದ್ಧರಣ ಚಿಹ್ನೆಗಳ ಚಿಂತೆಯಿಲ್ಲ.

ಲಿನಕ್ಸಿನಲ್ಲಿ ಇನ್ನೂ ಮುಂದೆ ಹೋಗಿ ಹೆಸರನ್ನೇ ತಪ್ಪಿಸುವವರುಂಟು. ಕರ್ನಲ್ ಉದಾರಿಯಷ್ಟೆ, ಆದ್ದರಿಂದ ಕಡತವನ್ನು ಮೊದಲು ಕರ್ನಲ್ಲಿನಿಂದ ತೆರೆಸಿ, ಅದು ಕೊಡುವ ಪುಟ್ಟ ಸಂಖ್ಯೆಯನ್ನು ಹಿಡಿದು, ‘ಪ್ರಾಕ್’ ಎಂಬ ಮಾಯಾ ಫೋಲ್ಡರಿನ ಕೆಳಗೆ ಆ ಸಂಖ್ಯೆಗೆ ಇರುವ ಪಥವನ್ನು ಲೋಡರಿಗೆ ಕೊಟ್ಟರೆ, ಮೂಲ ಹೆಸರಿನಲ್ಲಿ ಡಾಲರಿರಲಿ ಹೊಸ ಸಾಲಿರಲಿ ಲೋಡರಿನ ಕಣ್ಣಿಗೆ ಬೀಳುವುದಿಲ್ಲ. ಇದಕ್ಕೂ ದಂಡವಿದೆ. ಹಾಗೆ ಬಂದ ಲೈಬ್ರರಿ ತನ್ನ ಒಡನಾಡಿಗಳನ್ನು ಡಾಲರ್ ಒರಿಜಿನ್ನಿನ ಮೂಲಕ ಹುಡುಕಿಸುವಂಥದಾದರೆ, ಲೋಡರ್ ಅವನ್ನು ಆ ಮಾಯಾ ಫೋಲ್ಡರಿನಲ್ಲಿಯೇ ಅರಸಿ ವಿಫಲವಾಗುತ್ತದೆ.

ಆಂಡ್ರಾಯ್ಡಿನ ಲೋಡರ್ ಈ ಉಪಾಯವನ್ನು ಅಧಿಕೃತವಾಗಿಯೇ ಅಂಗೀಕರಿಸಿ, 5.0 ಆವೃತ್ತಿಯಿಂದ ತೆರೆದ ಕಡತದ ಸಂಖ್ಯೆಯನ್ನು ನೇರವಾಗಿ ತೆಗೆದುಕೊಳ್ಳುವ ಕರೆಯೊಂದನ್ನು ಒದಗಿಸಿತು. ಅನಂತರ 6.0ರಲ್ಲಿ, ಆಪ್‌ನ ಕಟ್ಟನ್ನು ಬಿಚ್ಚದೆ ಅದರ ಒಳಗಿನಿಂದಲೇ ಲೈಬ್ರರಿಯನ್ನು ಕರೆತರಲು ಅನುಕೂಲವಾಗಲೆಂದು, ಪಥದಲ್ಲಿ ಆಶ್ಚರ್ಯಸೂಚಕ ಚಿಹ್ನೆಯ ಮುಂದೆಯೇ ಸ್ಲ್ಯಾಷು ಬಂದರೆ ಅಲ್ಲಿಯವರೆಗಿನದು ಕಟ್ಟಿನ ಹೆಸರೆಂದು ಓದುವ ಹೊಸ ಅಭ್ಯಾಸವನ್ನೂ ಅದು ಮಾಡಿಕೊಂಡಿತು. ಆದರೂ ಅದರಲ್ಲಿ ಒಂದು ಸೌಜನ್ಯವಿದೆ: ಆ ಹೆಸರಿನ ಕಟ್ಟು ತೆರೆಯದಿದ್ದರೆ, ಕೈಚೆಲ್ಲದೆ, ಪೂರ್ತಿ ಸಾಲನ್ನು ಬರೆದಿರುವಂತೆಯೇ ಸಾಮಾನ್ಯ ಪಥವಾಗಿ ಓದಿ ಮತ್ತೊಮ್ಮೆ ತೆರೆದು ನೋಡುತ್ತದೆ.